ಕೊರಳಲ್ಲಿ ತೂಗುತ್ತಿದ್ದದ್ದು

ಬಳ್ಳಾರಿಯ ನಮ್ಮ ಬಾಡಿಗೆ ಮನೆಯಲ್ಲಿ ಟೀವಿ ಇದ್ದದ್ದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೊನ್ನೆ ಮಾತಿನ ನಡುವೆ ಹಾಗೆ ಹೇಳಿದಾಗ ಅವ್ವ ನಕ್ಕಳು. "ಕಿಟಕಿ ಕಡೆ ಇಟ್ರ ಬಿಸಿಲು ಬಡದು ಏನೂ ಕಾಣ್ತಿದ್ದಿಲ್ಲ. ಅಡಿಗಿ ಮನಿ ಬಾಗಲ ಕಡೆ ಇಟ್ಟಿದ್ವಿ. ಮರತೇನು?" ಅಂದಳು. ಅವಳು ಹೇಳಿದ ಮೇಲೆ ಅಡಿಗೆ ಮನೆಯ ಬಾಗಿಲೇ ಕಣ್ಣಿಗೆ ಕಟ್ಟಿತು, ಒಗ್ಗರಣೆಯ ಹೊಗೆ ಟೀವಿಯ ಮುಂದೆ ಹಾದುಹೋಗುತ್ತಿದ್ದುದು ಕೂಡ. ಆದರೆ ಆ ಹೊಗೆ ನನ್ನ ನೆನಪೋ, ಅವ್ವನ ಮಾತಿನಿಂದ ಈಗ ಹುಟ್ಟಿದ್ದೋ ಹೇಳಲಾರೆ. ಸ್ಟೂಲಿನ ಜಾಗವನ್ನೇ ತಪ್ಪಾಗಿ ಇಟ್ಟುಕೊಂಡವಳು, ಆ ಸ್ಟೂಲಿನ ಮೇಲಿನ ಪೆಟ್ಟಿಗೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡದ್ದರ ಬಗ್ಗೆ ಸಾಕ್ಷಿ ಹೇಳಬೇಕಾಗಿ ಬಂದಿತ್ತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮನೆಯಲ್ಲಿ ಅವ್ವ, ನಾನು ಇಬ್ಬರೇ. ಬೆಂಗಳೂರಿನ ಕನ್ನಡ ಕಾರ್ಯಕ್ರಮ ಸಂಜೆ ಹೊತ್ತು ನಮ್ಮ ಊರಿಗೂ ಸಿಗಲು ಶುರುವಾಗಿ ಬಹಳ ದಿನ ಆಗಿರಲಿಲ್ಲ. ನಮ್ಮದು ಯಾರೋ ಬಳಸಿ ಬಿಟ್ಟ ಕಪ್ಪು ಬಿಳುಪಿನ ಸೆಟ್ಟು. ಮೇಲೆ ಮಾಳಿಗೆಯ ಆಂಟೆನಾವನ್ನು ಕೋತಿಗಳು ಹಿಡಿದು ಜೋತಾಡುತ್ತಿದ್ದವು. ಹಾಗಾಗಿ ಚಿತ್ರದ ಮೇಲೆ ಸದಾ ನುಚ್ಚು ಚೆಲ್ಲಿದಂತೆ ಕಾಳು ಕಾಳು ಉದುರುತ್ತಿತ್ತು. ಆದರೂ ಸಂಜೆಯಾದರೆ ಓಣಿಯ ಮಕ್ಕಳು ನಮ್ಮ ಮನೆಯಲ್ಲೇ. ಅವರ ಮುಂದಾಳು ಎದುರು ಮನೆಯ ಹುಡುಗಿ, ಏಳನೇ ಕ್ಲಾಸು, ಎರಡು ಜಡೆ, ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ.

ಆ ಮಕ್ಕಳಿಗೆಲ್ಲ ಒಂದು ಪುಸ್ತಕಮಾಲೆಯ ಹುಚ್ಚು ಹಿಡಿದಿತ್ತು. ತೆಳ್ಳನೆಯ, ಬಣ್ಣದ ರಟ್ಟಿನ ಪುಸ್ತಕಗಳು. ಬಸ್ ಸ್ಟ್ಯಾಂಡಿನ ಅಂಗಡಿಗೆ ಹೊಸದು ಬಂತೆಂದರೆ ಓಣಿಯಲ್ಲಿ ಒಂದೇ ಪ್ರತಿ ಹತ್ತು ಮನೆ ಸುತ್ತಿ ರಟ್ಟು ಹರಿದು ವಾಪಸು ಬರುತ್ತಿತ್ತು. ಕತೆಯ ನಾಯಕ ಒಬ್ಬ ಕುರಿ ಕಾಯುವ ಹುಡುಗ. ಅವನ ಕೊರಳಲ್ಲಿ ಅಜ್ಜ ಮಾಡಿಕೊಟ್ಟ ಒಂದು ಮಣ್ಣಿನ ಪೀಪಿ. ನಿಜವಾಗಿ ದಾರಿ ತಪ್ಪಿದಾಗ ಮಾತ್ರ ಅದನ್ನು ಊದಬೇಕು ಎಂದು ಅಜ್ಜ ಹೇಳಿರುತ್ತಾನೆ. ಪ್ರತಿ ಪುಸ್ತಕದಲ್ಲೂ ಹುಡುಗ ಅದನ್ನು ತುಟಿಗೆ ಒಯ್ಯುತ್ತಾನೆ, ಊದುವುದಿಲ್ಲ. ಇನ್ನೊಂದು ದಾರಿ ಹುಡುಕಿಕೊಳ್ಳುತ್ತಾನೆ. ನಾನೂ ಓದಿದ್ದೆ. ನಾನು ಕೊಂಡ ಪ್ರತಿಗಳನ್ನು ರಜೆಗೆ ಬಂದಿದ್ದ ಚಿಗವ್ವನ ಮಗನಿಗೆ ಕೊಟ್ಟಿದ್ದೆ.

ಚಿಗವ್ವ ಎಂದರೆ ಅವ್ವನ ತಂಗಿ. ಇಬ್ಬರ ತವರೂ ಕುರುಗೋಡು. ಚಿಗವ್ವನನ್ನು ಸಿರುಗುಪ್ಪದ ಆಚೆ ಹಚ್ಚೊಳ್ಳಿಗೆ ಕೊಟ್ಟಿದ್ದರು. ಗದ್ದೆ ಇತ್ತು, ಕಾಲುವೆಯ ನೀರಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ಒಬ್ಬ ಮಗಳು, ಆಮೇಲೆ ಬಹಳ ತಡವಾಗಿ ಈ ಮಗ. ಅವನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಮನೆಯಿಂದ ಹೋದವನು ಬರಲಿಲ್ಲ. ಅವನ ಚಪ್ಪಲಿ ಕಾಲುವೆಯ ಮೆಟ್ಟಿಲ ಮೇಲೆ ಸಿಕ್ಕವು. ಕಾಲುವೆ ತುಂಬಿ ಹರಿಯುತ್ತಿದ್ದ ದಿನಗಳು. ಬಲೆ ಹಾಕಿದರು, ಈಜುವವರು ಇಳಿದರು, ಕಾಲುವೆಯ ಗುಂಟ ಆಂಧ್ರದ ಹಳ್ಳಿಗಳ ತನಕ ಹೋಗಿ ಕೇಳಿಕೊಂಡು ಬಂದರು. ದೇಹ ಸಿಗಲಿಲ್ಲ.

ದೇಹ ಸಿಗದ್ದರಿಂದಲೇ ಚಿಗವ್ವ ಒಪ್ಪಲಿಲ್ಲ. ಅವಳ ಹತ್ತಿರ ಕಾರಣಗಳಿದ್ದವು. ಆ ಹುಡುಗ ಹಿಂದೊಮ್ಮೆ ಅಪ್ಪ ಗದರಿಸಿದನೆಂದು ಹೇಳದೆ ಕೇಳದೆ ಬಸ್ಸು ಹತ್ತಿ ಕುರುಗೋಡಿಗೆ ಅಜ್ಜಿಯ ಮನೆಗೆ ಹೋಗಿಬಿಟ್ಟಿದ್ದ. ಬರಿಗಾಲಲ್ಲೇ ಹೋಗಿದ್ದ. ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಮಾರುವವಳೊಬ್ಬಳು ಅಂಥ ಹುಡುಗನನ್ನು ನೋಡಿದೆ ಅಂದಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು. ಹುಟ್ಟಿದಾಗ ಅಯ್ಯನವರು ಕಟ್ಟಿದ ಇಷ್ಟಲಿಂಗ, ಅದನ್ನು ಇಟ್ಟ ಪುಟ್ಟ ತತ್ತಿಯಾಕಾರದ ಬೆಳ್ಳಿ ಭರಣಿ, ಕಪ್ಪು ದಾರ. "ಲಿಂಗ ಮೈಮ್ಯಾಲ ಇದ್ದವ ನೀರಾಗ ಹೋಗಂಗಿಲ್ಲ" ಎನ್ನುತ್ತಿದ್ದಳು. ಹೋದವರು ಎಷ್ಟೋ ಮಂದಿ ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಚಿಗಪ್ಪ ಗಟ್ಟಿ ಮನಸ್ಸು ಮಾಡಿದ. ಮಗಳಿಗೆ ಸಿರುಗುಪ್ಪದಲ್ಲಿ ಗಂಡು ನೋಡಿಯಾಗಿತ್ತು. ಸತ್ತವನ ಕಾರ್ಯ ಆಗದ ಮನೆಯಲ್ಲಿ ಚಪ್ಪರ ಹಾಕುವುದು ಹೇಗೆ ಎಂದು ಬೀಗರ ಕಡೆಯವರು ಮೆತ್ತಗೆ ಕೇಳಿದ್ದರು. ದೇಹದ ಬದಲು ಹುಡುಗನ ಅಂಗಿ, ವಿಭೂತಿ ಇಟ್ಟು ಹೊಲದಲ್ಲಿ ಮಣ್ಣು ಕೊಟ್ಟು, ಶಿವಗಣಾರಾಧನೆ ಮಾಡಿ ಮುಗಿಸಬಹುದು ಎಂದು ಕುರುಗೋಡಿನ ಅಯ್ಯನವರೂ ಹೇಳಿದರು. ದಿನ ಗೊತ್ತಾಯಿತು. ಚಿಗವ್ವ ಒಂದು ಮಾತೂ ಆಡದೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದು ಕೂತುಬಿಟ್ಟಳು.

ಅವಳು ಬಂದ ಸಂಜೆಯೇ ಅದನ್ನು ತೋರಿಸಿದರು. ಹಾಗೆಂದು ನನ್ನ ನೆನಪು. ದಿನಚರಿಯಲ್ಲಿ ಆ ವಾರ ಬರೆದದ್ದು ಒಂದೇ ಸಾಲು: ಚಿಗವ್ವ ಬಂದಿದ್ದಾಳೆ, ಊಟ ಸೇರುತ್ತಿಲ್ಲ. ಟೀವಿಯ ಮಾತೇ ಇಲ್ಲ. ಅದು ಬರೆಯುವಂಥದ್ದು ಎಂದು ಆಗ ನನಗೆ ಅನ್ನಿಸಿರಲಿಕ್ಕಿಲ್ಲ.

ವಾರ್ತೆಗೆ ಮುಂಚೆ ಇದ್ದಕ್ಕಿದ್ದಂತೆ ಒಂದು ತುಣುಕು. ಬಂಡೆಗಳ ಗುಡ್ಡ. ಓಡುವ ಕುರಿಗಳು. ಮಣ್ಣು ಕಲಸುವ ಮುದಿ ಕೈ. ಕಲ್ಲಿನ ಹೊಂಡದಂಥ ಕಡೆ ಬಗ್ಗಿ ನೀರು ಕುಡಿಯುವ ಒಬ್ಬ ಹುಡುಗ, ಅವನ ಕೊರಳಿಂದ ಏನೋ ಜಾರಿ ಮುಂದಕ್ಕೆ ತೂಗುತ್ತದೆ. ಒಂದು ಕಬ್ಬಿಣದ ಗೇಟು ಧಡ್ಡನೆ ಮುಚ್ಚುತ್ತದೆ. ಆಮೇಲೆ ಆ ಪುಸ್ತಕಮಾಲೆಯ ಹೆಸರು, 'ಶೀಘ್ರದಲ್ಲಿ ನಿರೀಕ್ಷಿಸಿ'.

ಮಕ್ಕಳು ಚೀರಿದ್ದು ಓಣಿಯ ಕೊನೆಗೆ ಕೇಳಿರಬೇಕು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನವರು ಬನಿಯನ್ನಿನಲ್ಲೇ ಕೆಳಗಿಳಿದು ಬಂದರು. ಮನೆಮಾತು ತೆಲುಗು, ಒಂಟಿ ಜೀವ. ಮಕ್ಕಳ ಪುಸ್ತಕಗಳನ್ನು ಮಕ್ಕಳಿಗಿಂತ ಮೊದಲು ಓದುವವರು.

"ಅದನ್ನ ಟ್ರೇಲರ್ ಅಂತಾರೆ. ಸಿನಿಮಾ ಟಾಕೀಸ್‌ನಾಗ ತೋರಿಸ್ತಾರಲ್ಲ, ಹಂಗ," ಅಂದರು.

"ಅದೆಲ್ಲ ಇರ್ಲಿ ಅಂಕಲ್, ಗೇಟ್ ಎಲ್ಲೈತಿ ಹೇಳ್ರಿ? ಯಾವ ಪುಸ್ತಕದಾಗೂ ಗೇಟ್ ಇಲ್ಲ!" ಎದುರು ಮನೆಯ ಹುಡುಗಿ ಸೊಂಟದ ಮೇಲೆ ಕೈಯಿಟ್ಟಿದ್ದಳು.

"ಜೈಲ್ ಇರಬೇಕು ಲೇ," ಎಂದ ಒಬ್ಬ ಹುಡುಗ.

"ಕುರಿ ಕಾಯವಗ ಯಾಕ ಜೈಲು? ನಿನ್ನ ಹಾಕ್ಬೇಕು ಜೈಲಿಗೆ, ಮೂರನೇ ಪುಸ್ತಕ ಹರದವ್ನು ನೀನಽ."

"ಕಾದಮ್ಮಾ, ಜೈಲಲ್ಲ, ಅದು ಸಾಹುಕಾರನ ಬಂಗ್ಲಾ ಗೇಟು. ಟೀವಿಯವರು ಕತಿ ಕೆಡಿಸೇ ಕೆಡಿಸ್ತಾರೆ, ನೋಡ್ತಿರು," ಎಂದರು ಬ್ಯಾಂಕಿನವರು.

"ಪೀಪಿ ಮಾತ್ರ ಭೇಷ್ ತೋರಿಸ್ಯಾರ. ನೀರು ಕುಡಿವಾಗ ಹೆಂಗ ತೂಗ್ತು ನೋಡಿದ್ರಿಲ್ಲ?"

ಆಗ ಗೋಡೆಗೆ ಒರಗಿ ಕೂತಿದ್ದ ಚಿಗವ್ವ ಮಾತಾಡಿದಳು. ಬಂದಾಗಿನಿಂದ ಅದೇ ಅವಳ ಮೊದಲ ಮಾತು. "ಅದು ಪೀಪಿ ಅಲ್ಲವ್ವ. ಕರಡಿಗಿ."

ಹುಡುಗಿಗೆ ಅರ್ಥವಾಗಲಿಲ್ಲ. "ಅಲ್ರಿ ಅಮ್ಮಾ, ಪೀಪಿ. ಅವರಜ್ಜ ಮಾಡಿದ್ದು."

"ನನ್ನ ಕೈಯ್ಯಾರ ದಾರ ಹೊಸದು ಹಾಕೇನಿ. ನನಗ ಗೊತ್ತಾಗಂಗಿಲ್ಲೇನು?" ಎಂದಳು ಚಿಗವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಅವ ಕುರುಗೋಡಿಗೆ ಹೋಗ್ಯಾನ. ಆ ಗುಡ್ಡ ನಮ್ಮೂರ್ದು. ನಾ ಆಡಿ ಬೆಳದ ಗುಡ್ಡ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಏನು ಹೇಳಿದೆ ಎಂದು ನೆನಪಿಲ್ಲ. ಆದರೆ ಮನಸ್ಸಿನಲ್ಲಿ ಆದದ್ದು ನೆನಪಿದೆ: ಅವಳು ಕರಡಿಗೆ ಅಂದ ತಕ್ಷಣ ನನಗೂ ಅದು ಬೆಳ್ಳಿಯಂತೆ ಹೊಳೆದದ್ದು ಕಂಡಿತು. ಅದಕ್ಕೆ ಮುಂಚೆ ಪೀಪಿಯೇ ಕಂಡಿತ್ತು.

ಮರುದಿನದಿಂದ ಓಣಿಯಲ್ಲಿ ಎರಡು ಪಕ್ಷ, ಪೀಪಿಯದೊಂದು, ಕರಡಿಗೆಯದೊಂದು. ಮಕ್ಕಳಿಗೆ ಚಿಗವ್ವನ ಸಂಗತಿ ಅರ್ಧಂಬರ್ಧ ಗೊತ್ತಾಗಿತ್ತು. ಅವರಿಗೆ ಅದು ಕತೆಯೊಳಗೊಂದು ಕತೆಯಾಯಿತು. ಗುಡ್ಡ ಎಲ್ಲಿಯದು ಎಂಬುದರ ಮೇಲೂ ಜಗಳ. ನಮ್ಮ ಕಡೆಯವರಿಗೆ ಇದೊಂದು ರೋಗ. ಬಂಡೆ ಮೇಲೆ ಬಂಡೆ ಕೂತ ಗುಡ್ಡ ಯಾವುದು ಕಂಡರೂ ನಮ್ಮೂರದು ಅನ್ನುತ್ತೇವೆ. ಸಂಡೂರಿನ ಕಡೆಯಿಂದ ಬಂದಿದ್ದ ಹಾಲಿನವ ತಮ್ಮೂರದೆಂದ. ಕುಡತಿನಿಯಿಂದ ದಿನಾ ಬರುತ್ತಿದ್ದ ನಮ್ಮ ಕಾಲೇಜಿನ ಜವಾನ, ಮೇಲಿನ ಬಂಡೆ ಎಮ್ಮೆ ಮಲಗಿದ ಹಾಗೆ ಇತ್ತೇ ಎಂದು ಕೇಳಿ, ನಾನು ಇತ್ತು ಅಂದ ಕೂಡಲೆ, "ಹಂಗಾರ ನಮ್ಮೂರ್ದಽ ರೀ" ಎಂದ. ಎಮ್ಮೆಯನ್ನು ನಾನು ಟೀವಿಯಲ್ಲಿ ನೋಡಿರಲಿಲ್ಲ. ಅವನು ಕೇಳಿದ ಮೇಲೆ ನೋಡಿದೆ.

ಮಕ್ಕಳು ಮುಂದಿನ ಸಂಜೆಗಳಲ್ಲಿ ಕಣ್ಣು ನೆಟ್ಟು ಕೂತರು. ಚಿಗವ್ವ ಎಲ್ಲರಿಗಿಂತ ಮುಂದೆ. ಮತ್ತೆ ತೋರಿಸಿದಾಗ ತುಣುಕು ಚಿಕ್ಕದಾಗಿತ್ತು. ಗುಡ್ಡ, ಕುರಿ, ಕೈ, ಗೇಟು. ನೀರು ಕುಡಿಯುವ ಹುಡುಗ ಇರಲಿಲ್ಲ.

"ತಗದುಬಿಟ್ಟಾರ!" ಎಂದು ಹುಡುಗಿ ಕೂಗಿದಳು. "ಯಾಕ ತಗದ್ರು?"

"ಸಸ್ಪೆನ್ಸು. ಪೀಪಿ ಮೊದ್ಲೇ ತೋರಿಸಿಬಿಟ್ರೆ ಮಜಾ ಹೋಗ್ತೈತಂತ," ಎಂದರು ಬ್ಯಾಂಕಿನವರು.

"ಮಂದಿ ಗುರುತು ಹಿಡೀತಾರಂತ ತಗದಾರ," ಎಂದಳು ಚಿಗವ್ವ.

ಅದನ್ನು ಅವಳು ಎಷ್ಟು ನಿಶ್ಚಿಂತೆಯಿಂದ ಹೇಳಿದಳೆಂದರೆ ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಪುಸ್ತಕ ಓದಿದ ಓಣಿಯ ಮಕ್ಕಳಂತೆಯೇ ಅವಳೂ ಕಂಡ ಚೂರುಗಳನ್ನು ತನಗೆ ಗೊತ್ತಿದ್ದ ಕತೆಗೆ ಜೋಡಿಸುತ್ತಿದ್ದಳು. ಮಕ್ಕಳದು ತಪ್ಪಾದರೆ ಒಂದು ಸಂಜೆ ಮುಖ ಊದಿಸಿಕೊಂಡು ಕೂರುತ್ತಾರೆ, ಅಷ್ಟೇ.

ಚಿಗಪ್ಪ ಹಚ್ಚೊಳ್ಳಿಯಿಂದ ಬಂದ. ಬಾಗಿಲಲ್ಲೇ ನಿಂತ, ನೀರು ಕೂಡ ಮುಟ್ಟಲಿಲ್ಲ. "ಅಯ್ಯನವರಿಗೆ ಹೇಳೇನಿ, ಬೀಗರಿಗೆ ಹೇಳೇನಿ. ಟೀವಿ ನೋಡಿಕೋಂತ ಕುಂತಾಳ ಅಂತ ಮಂದಿಗೆ ಹೆಂಗ ಹೇಳ್ಲಿ?"

"ನೀವು ನೋಡಿಲ್ಲ. ನೋಡಿದ್ರ ನಿಮಗೂ ಗೊತ್ತಾಗ್ತಿತ್ತು," ಅಂದಳು ಚಿಗವ್ವ.

"ನಾ ನೋಡೂದಿಲ್ಲ ಆ ಡಬ್ಬಿ. ನನ್ನ ಮಗ ಡಬ್ಬ್ಯಾಗಿಲ್ಲ."

"ಹಂಗಾರ ಎಲ್ಲಿ ಅದಾನ ಹೇಳ್ರಿ. ಹೇಳ್ರಿ, ಅಲ್ಲಿಗೇ ಬರ್ತೀನಿ."

ಕಾರ್ಯದ ದಿನ ಮುಂದಕ್ಕೆ ಹೋಯಿತು. ಧಾರಾವಾಹಿ ಮುಗಿಯುವ ತನಕ ಎಂದು ಅವಳು, ಒಂದು ತಿಂಗಳು ಎಂದು ಅವನು.

ನಾನು, ಚಿಗವ್ವ ಇಬ್ಬರೂ ಕುರುಗೋಡಿಗೆ ಹೋದೆವು. ನಾನು ಹೋದದ್ದು ಅವಳ ಮನಸ್ಸು ತಿಳಿಯಾಗಲಿ ಎಂದು. ಆದರೆ ಬಸ್ಸಿನ ಕಿಟಕಿಯಲ್ಲಿ ಗುಡ್ಡ ಕಾಣಿಸಿಕೊಂಡಾಗ ನಾನೂ ಎಮ್ಮೆಯನ್ನು ಹುಡುಕುತ್ತಿದ್ದೆ. ಅಜ್ಜಿ ತೀರಿಕೊಂಡು ತವರು ಮನೆಗೆ ಬೀಗ ಬಿದ್ದಿತ್ತು. ಊರಲ್ಲಿ ಚಿಗವ್ವ ತನ್ನ ಗೆಳತಿಯ ಮನೆ, ಹಿಟ್ಟಿನ ಗಿರಣಿ, ದೊಡ್ಡ ಬಸವಣ್ಣನ ಗುಡಿಯ ಕಟ್ಟೆ, ಎಲ್ಲ ಕಡೆ ಕೇಳಿದಳು: ಸಿನಿಮಾದವರು ಬಂದಿದ್ರೇನು? ಎಲ್ಲರೂ ಬಂದಿದ್ರು ಅಂದರು. ಕೇಳುವವಳ ಮುಖ ನೋಡಿ ಇಲ್ಲ ಅನ್ನುವ ಜನ ಅಲ್ಲ ನಮ್ಮವರು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ವ್ಯಾನಿನ ಬಣ್ಣವನ್ನೂ ಹೇಳಿದ.

"ಹುಡುಗ್ರು ಇದ್ರೇನು, ಅಜ್ಜಾ?"

"ಇದ್ರವ್ವಾ, ಭಾಳ ಹುಡುಗ್ರು. ವ್ಯಾನಿನ ಹಿಂದ ಹಿಂದ ಓಡತಿದ್ರು."

ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವ ನಕ್ಕುಬಿಟ್ಟ. "ಏ ಯಪ್ಪಾ, ಅದು ಎರಡು ಮಕ್ಕಳು ಸಾಕು ಅಂತ ಸಿನಿಮಾ ತೋರ್ಸೋ ಸರ್ಕಾರಿ ವ್ಯಾನು! ಹುಡುಗ್ರು ಓಡದ ಏನು ಮಾಡ್ತಾರ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮುದುಕನೂ ನಕ್ಕ. ಚಿಗವ್ವ ಕಟ್ಟೆಯಿಂದ ದೂರ ಬಂದ ಮೇಲೆ, "ಅಜ್ಜಗ ವಯಸ್ಸಾಗೈತಿ, ಎರಡು ವ್ಯಾನು ಬಂದಿರಬೇಕು, ಮರತಾನ" ಎಂದಳು. ನಾನು ಹೂಂ ಅಂದೆ.

ಧಾರಾವಾಹಿ ಶುರುವಾಯಿತು. ವಾರಕ್ಕೊಂದು ಸಂಜೆ. ಚಿಗವ್ವ ಅಷ್ಟರಲ್ಲಿ ಊರಿಗೆ ಮರಳಿದ್ದಳು. ಆದರೆ ವಾರ ವಾರ ಅದಕ್ಕಾಗಿ ಹಚ್ಚೊಳ್ಳಿಯಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿಗೆ ಬಸ್ಸು ಬದಲಿಸಿಕೊಂಡು ಬರುತ್ತಿದ್ದಳು, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು. ಓಣಿಯ ಮಕ್ಕಳು ಅವಳಿಗೆ ಮುಂದೆ ಜಾಗ ಬಿಡುತ್ತಿದ್ದರು. ಮೊದಲ ಕಂತಿನಲ್ಲೇ ಮಕ್ಕಳಿಗೆ ನಿರಾಸೆ. ನಾಯಕನಾಗಿ ಬಂದವನು ದುಂಡು ಮುಖದ, ಎಣ್ಣೆ ಹಾಕಿ ಬಾಚಿದ ಪೇಟೆ ಹುಡುಗ. "ಇವ ಕುರಿ ಕಾಯ್ತಾನಾ? ಇವನ್ನ ಕುರಿ ಕಾಯ್ಬೇಕು," ಎಂದಳು ಹುಡುಗಿ. ಕೊರಳಿನ ಪೀಪಿ ಅಂಗಿಯೊಳಗೇ ಇತ್ತು. ದಾರ ಮಾತ್ರ ಕಾಣುತ್ತಿತ್ತು.

ಚಿಗವ್ವನಿಗೆ ಅದರಿಂದ ನಿರಾಸೆ ಆಗಲಿಲ್ಲ. "ಇವ ಅಲ್ಲ. ನೀರು ಕುಡಿದವ ಬ್ಯಾರೆ. ಅವ ಮುಂದ ಬರ್ತಾನ," ಅಂದಳು. ಮಕ್ಕಳೂ ಹಾಗೇ ಅಂದುಕೊಂಡಿದ್ದರು. ಟ್ರೇಲರಿನ ಹುಡುಗ ತೆಳ್ಳಗಿದ್ದ, ಇವನು ದಪ್ಪ, ಆದ್ದರಿಂದ ಎರಡನೇ ಹುಡುಗ ಒಬ್ಬ ಇದ್ದಾನೆ, ನಾಲ್ಕನೇ ಪುಸ್ತಕದಲ್ಲಿ ಹೊಂಡದ ಹತ್ತಿರ ಸಿಗುವ ಗೆಳೆಯ ಅವನೇ ಇರಬೇಕು ಎಂದು ಲೆಕ್ಕ ಹಾಕಿದರು. ಚಿಗವ್ವ ಅವರಿಂದ ನಾಲ್ಕನೇ ಪುಸ್ತಕದ ಕತೆಯನ್ನು ಕೇಳಿಸಿಕೊಂಡಳು. ಒಮ್ಮೆ ಅಲ್ಲ, ವಾರ ವಾರ. ಹುಡುಗಿ ಕೈಯಾಡಿಸಿಕೊಂಡು ಹೇಳುವುದು, ಚಿಗವ್ವ ರೊಟ್ಟಿ ಮುರಿದು ಅವಳ ಕೈಗಿಡುತ್ತಾ, "ಆಮ್ಯಾಲ?" ಅನ್ನುವುದು. ಆ ವಾರಗಳಲ್ಲಿ ಅವಳು ಉಂಡಳು. ಮೈಮೇಲೆ ಸ್ವಲ್ಪ ಜೀವ ಬಂತು. ಇದನ್ನು ಬರೆಯದಿದ್ದರೆ ನಾನು ಪೂರ್ತಿ ನಿಜ ಹೇಳಿದಂತಾಗುವುದಿಲ್ಲ.

ಹೊಂಡದ ಕಂತು ಯಾವ ವಾರ ಬರುತ್ತದೆಂದು ಬ್ಯಾಂಕಿನವರು ಅಂದಾಜು ಮಾಡಿದ್ದರು. ಆ ಸಂಜೆ ಅವರು ತಾವೇ ಹೊಸದಾಗಿ ಕೊಂಡ ಬಣ್ಣದ ಟೀವಿಯನ್ನು ಇಬ್ಬರು ಹುಡುಗರ ಕೈಯಲ್ಲಿ ಹಿಡಿಸಿ ಕೆಳಗೆ ತಂದರು. ಮಾಳಿಗೆ ಹತ್ತಿ ಆಂಟೆನಾ ನೆಟ್ಟಗೆ ಮಾಡಿ ತಂತಿ ಬಿಗಿದರು. "ಅಮ್ಮನೋರು ಚೆನ್ನಾಗಿ ನೋಡ್ಲಿ. ಆ ನುಚ್ಚಿನೊಳಗೆ ಏನು ಕಾಣ್ತೈತೆ ಪಾಪ," ಅಂದರು. ಮನೆ ತುಂಬಿತ್ತು. ಕಿಟಕಿಯ ಸರಳು ಹಿಡಿದು ಹೊರಗೂ ನಿಂತಿದ್ದರು.

ಗುಡ್ಡ ಬಂತು. ಬಣ್ಣದಲ್ಲಿ ಅದು ನಮ್ಮ ಕಡೆಯ ಗುಡ್ಡವೇ ಅಲ್ಲ. ಬಂಡೆಗಳ ಸಂದಿಯಲ್ಲಿ ಹಸಿರು ತುಂಬಿಕೊಂಡಿತ್ತು. ದುಂಡು ಮುಖದ ಹುಡುಗ ಓಡುತ್ತಾ ಓಡುತ್ತಾ ಹೊಂಡದ ಹತ್ತಿರ ಬಂದ. ಮೊಣಕಾಲೂರಿದ. ಬಗ್ಗಿದ. ಅಂಗಿಯೊಳಗಿನಿಂದ ಅದು ಜಾರಿ ಮುಂದೆ ತೂಗಿತು. ನೀರಿನ ಮೇಲೆ ಅದರ ನೆರಳು ಕೂಡ ಕಂಡಿತು. ಕೆಂಪು ಮಣ್ಣಿನ ಬಣ್ಣ. ಒಂದು ತುದಿಯಲ್ಲಿ ಊದುವ ತೂತು.

"ಪೀಪಿ!" ಹುಡುಗಿ ಎದ್ದು ನಿಂತು ಚಪ್ಪಾಳೆ ಹೊಡೆದಳು. "ನಾ ಹೇಳಿದ್ನಿಲ್ಲ? ಪೀಪೀನ!"

ಎಲ್ಲ ಮಕ್ಕಳೂ ಹೋ ಎಂದರು. ಗೆದ್ದವರ ಕೂಗು. ತಿಂಗಳುಗಟ್ಟಲೆ ವಾದಿಸಿದ್ದು ಕಣ್ಣೆದುರು ಸರಿಯಾಗಿ ಬಂದರೆ ಮಕ್ಕಳು ಇನ್ನೇನು ಮಾಡುತ್ತಾರೆ? ಕಿಟಕಿಯ ಹೊರಗಿನವರೂ ಕೂಗಿದರು. ಅವ್ವ ಮೊದಲು ಚಿಗವ್ವನ ಕಡೆ ನೋಡಿದಳು, ಆಮೇಲೆ ನಾನು, ಆಮೇಲೆ ಬ್ಯಾಂಕಿನವರು. ಕೊನೆಗೆ ಹುಡುಗಿಯೂ ನೋಡಿದಳು. ಅವಳ ಕೈ ಚಪ್ಪಾಳೆಯ ನಡುವೆ ಹಾಗೇ ನಿಂತಿತು.

ಚಿಗವ್ವ ಟೀವಿಯನ್ನೇ ನೋಡುತ್ತಿದ್ದಳು. ಹುಡುಗ ನೀರು ಕುಡಿದು, ಬಾಯಿ ಒರೆಸಿಕೊಂಡು, ಪೀಪಿಯನ್ನು ತುಟಿಗೆ ಒಯ್ದು, ಮತ್ತೆ ಕೆಳಗೆ ಬಿಟ್ಟ.

"ಊದಂಗಿಲ್ಲೇನು?" ಎಂದು ಕೇಳಿದಳು.

"ಇಲ್ರಿ ಅಮ್ಮಾ," ಹುಡುಗಿಯ ದನಿ ಸಣ್ಣದಾಗಿತ್ತು. "ಅವ ಊದಂಗಿಲ್ಲ."

"ಊದಬೇಕಿತ್ತು," ಅಂದಳು ಚಿಗವ್ವ.

ಬೆಳಿಗ್ಗೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಸಿರುಗುಪ್ಪದ ಬಸ್ಸು ಬಂದು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, "ಅವತ್ತ ನಾ ಮಖ ನೋಡಿದ್ದಿಲ್ಲ" ಎಂದಳು. "ಬರೇ ಕೊರಳು ನೋಡಿದೆ. ಮಖ ನಾನಽ ಹಚ್ಚಿಕೊಂಡೆ." ಅಷ್ಟೇ. ಕಿಟಕಿಯ ಪಕ್ಕ ಕೂತ ಮೇಲೆ ನನ್ನ ಕಡೆ ನೋಡಲಿಲ್ಲ. ಆ ಮಾತನ್ನು ನಾನು ಅದೇ ದಿನ ಬರೆದಿಟ್ಟೆ, ಆದ್ದರಿಂದ ಅದರ ಬಗ್ಗೆ ಮಾತ್ರ ಅನುಮಾನವಿಲ್ಲ.

ಕಾರ್ಯ ಆಯಿತು. ನಾನು, ಅವ್ವ ಹೋಗಿದ್ದೆವು. ಹಚ್ಚೊಳ್ಳಿಯ ಅವರ ಹೊಲದ ಬದುವಿನಲ್ಲಿ ಒಂದು ಸಣ್ಣ ಗುಣಿ. ನಾಲ್ಕನೇ ಕ್ಲಾಸಿನ ಹುಡುಗನ ಅಂಗಿಗೆ ಎಷ್ಟು ದೊಡ್ಡದು ಬೇಕು? ಸಾಲೆಯ ಅಂಗಿಯನ್ನು ಮಡಿಸಿ ಇಟ್ಟರು, ವಿಭೂತಿ ಇಟ್ಟರು. ಕುರುಗೋಡಿನ ಅಯ್ಯನವರು ಕೊರಳಿನ ಜಾಗಕ್ಕೆಂದು ಒಂದು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ನಮ್ಮಲ್ಲಿ ಲಿಂಗವಿಲ್ಲದೆ ಯಾರನ್ನೂ ಮಣ್ಣಿಗಿಡುವುದಿಲ್ಲ.

ಚಿಗವ್ವ ಅಡ್ಡ ಬಂದಳು. "ಅವಂದು ಅವನ ಕೊರಳಾಗ ಐತ್ರಿ ಅಪ್ಪಾರ. ಮತ್ತೊಂದು ಕಟ್ಟಾಕ ಬರಂಗಿಲ್ಲ. ನೀವಽ ಕಟ್ಟಿದ್ದು ಅದು."

ಅಯ್ಯನವರು ಗಂಟನ್ನು ಜೋಳಿಗೆಗೆ ಹಾಕಿಕೊಂಡರು. ಗುಣಿ ಹಾಗೇ ಮುಚ್ಚಿತು. ಚಿಗವ್ವ ಅಳಲಿಲ್ಲ. ಚಿಗಪ್ಪನೂ ಅಳಲಿಲ್ಲ, ಎಲ್ಲರಿಗೂ ತಾನೇ ನಿಂತು ಉಣಬಡಿಸಿದ. ಆದರೆ ಅಯ್ಯನವರ ಜೋಳಿಗೆಯನ್ನು ಅವನು ನೋಡುತ್ತಿದ್ದ ರೀತಿ ನನಗೆ ನೆನಪಿದೆ. ಅಥವಾ ಮುಂದೆ ಆದದ್ದು ಗೊತ್ತಿರುವುದರಿಂದ ಹಾಗೆ ನೋಡುತ್ತಿದ್ದನೆಂದು ಈಗ ನಾನು ಸೇರಿಸಿಕೊಳ್ಳುತ್ತಿದ್ದೇನೋ.

ಮಗಳ ಮದುವೆಯೂ ಆಯಿತು. ಓಣಿಯ ಮಕ್ಕಳು ಬೇರೆ ಪುಸ್ತಕಗಳಿಗೆ ಹೋದರು. ಎದುರು ಮನೆಯ ಹುಡುಗಿ ಆ ಧಾರಾವಾಹಿಯ ಮಾತನ್ನು ನನ್ನೆದುರು ಮತ್ತೆ ಎತ್ತಲಿಲ್ಲ. ನನಗೆ ಮಾತ್ರ ಒಂದು ಹಾನಿ ಆಗಿತ್ತು. ಚಿಗವ್ವನ ಮಗನ ಮುಖ ನೆನಪಿಸಿಕೊಳ್ಳಲು ಹೋದರೆ ಆ ದುಂಡು ಮುಖದ ಪೇಟೆ ಹುಡುಗ ಬಂದು ನಿಲ್ಲುತ್ತಿದ್ದ. ಈಗಲೂ ಅವನೇ ಬರುತ್ತಾನೆ. ನಮ್ಮ ಹುಡುಗನ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ.

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸುತ್ತಾರೆ. ಆ ರಜೆಯಲ್ಲಿ ನಾನು ಹಚ್ಚೊಳ್ಳಿಗೆ ಹೋಗಿದ್ದೆ. ಚಿಗವ್ವ ಅಂಗಳದಲ್ಲಿ ಮೆಣಸಿನಕಾಯಿ ಒಣ ಹಾಕಿದ್ದಳು. ಚಿಗಪ್ಪ ಎಲ್ಲಿ ಎಂದರೆ ಕಾಲುವೆಯ ಕಡೆ ಕೈ ತೋರಿಸಿದಳು. "ಊಟಕ್ಕ ಕರಕೊಂಡು ಬಾ. ನಾ ಕರದ್ರ ಬರಂಗಿಲ್ಲ."

ಅವನು ಸೇತುವೆಯ ಹತ್ತಿರದ ಮೆಟ್ಟಿಲ ಮೇಲೆ ಕೂತಿದ್ದ, ಚಪ್ಪಲಿ ಸಿಕ್ಕಿದ್ದ ಮೆಟ್ಟಿಲು. ಪಕ್ಕದಲ್ಲಿ ತುದಿಗೆ ಕಬ್ಬಿಣದ ಕೊಕ್ಕೆ ಇದ್ದ ಒಂದು ಕೋಲು, ಒಂದು ಜರಡಿ. ಕೆಳಗೆ ಕಾಲುವೆಯ ತಳ ಬಿರುಕು ಬಿಟ್ಟಿತ್ತು. ಅಲ್ಲಲ್ಲಿ ಹಸಿ ಕೆಸರು. ಕಣ್ಣು ಹೋದಷ್ಟು ದೂರ ಕೆಸರನ್ನು ಕೆದಕಿದ ಗುರುತು.

"ಬಾರವ್ವಾ," ಅಂದ. ಆಮೇಲೆ ನನ್ನ ಕಡೆ ನೋಡದೆ, "ನೀ ಎರಡೂ ಸಲ ನೋಡಿದಾಕಿ. ನಾ ನೋಡ್ಲಿಲ್ಲ. ಖರೇ ಹೇಳು. ಕೊರಳಾಗಿದ್ದದ್ದು ಏನು?" ಎಂದ.

ನನಗೆ ಆ ಮೊದಲ ಸಂಜೆಯ ನುಚ್ಚು ಚೆಲ್ಲಿದ ಚಿತ್ರ ನೆನಪಾಯಿತು. ಅದರಲ್ಲಿ ಪೀಪಿಯೂ ತೂಗಿತು, ಕರಡಿಗೆಯೂ ತೂಗಿತು. ಎರಡರಲ್ಲಿ ಯಾವುದನ್ನು ನನ್ನ ಕಣ್ಣು ಕಂಡಿತ್ತು, ಯಾವುದನ್ನು ಚಿಗವ್ವನ ಮಾತು ತಂದಿಟ್ಟಿತ್ತು ಎಂದು ಬೇರೆ ಮಾಡಲು ಬರಲಿಲ್ಲ. ಬಣ್ಣದ ಟೀವಿಯಲ್ಲಿ ಕಂಡದ್ದು ಮಾತ್ರ ಖಚಿತ. ಅಷ್ಟನ್ನೇ ಹೇಳಿದೆ.

"ಪೀಪಿ, ಚಿಗಪ್ಪ. ಮಣ್ಣಿನ ಪೀಪಿ."

ಅವನು ತಲೆದೂಗಿದ. ಅವನಿಗೆ ಅದರಿಂದ ನೆಮ್ಮದಿ ಆಗಬಹುದು, ಎದ್ದು ಬರಬಹುದು ಎಂದು ನಾನು ಅಂದುಕೊಂಡೆ.

"ಅಂದ್ರ ಕರಡಿಗಿ ಇಲ್ಲೇ ಐತಿ," ಎಂದ. "ಲಿಂಗ ಹಿಂಗ ಕೆಸರಾಗ ಬಿಡಾಕ ಬರಂಗಿಲ್ಲವ್ವ. ಗುಣ್ಯಾಗ ಇಡಬೇಕು."

ಜರಡಿಯನ್ನು ಬಗಲಿಗಿಟ್ಟುಕೊಂಡು ಕೋಲೂರಿ ಮೆಟ್ಟಿಲಿಳಿದ. ನಿನ್ನೆ ಬಿಟ್ಟ ಜಾಗ ಗೊತ್ತಿತ್ತೇನೋ, ಅಲ್ಲಿಗೆ ಹೋಗಿ ಬಗ್ಗಿದ. ಹಿಂದಿನಿಂದ ಅಂಗಳದ ಕಡೆಯಿಂದ ಚಿಗವ್ವನ ದನಿ ಬಂತು: "ರೊಟ್ಟಿ ಆರಾಕತ್ತ್ಯಾವು, ಬರ್ರಿ." ಅವನು ತಲೆ ಎತ್ತಲಿಲ್ಲ. ಆಂಧ್ರದ ಕಡೆಗೆ ಕಾಲುವೆ ಒಣಗಿ ನೆಟ್ಟಗೆ ಬಿದ್ದಿತ್ತು.